ಸ್ಟುಡಿಯೋ ಕಾಕ ಮತ್ತು ಏಳು ಫೋಟೋಗಳು

ಮೊನ್ನೆ ಅಂಗಡಿಯ ಕಪಾಟು ಖಾಲಿ ಮಾಡಿ ಒರೆಸುವಾಗ ಕೆಳಗಿನ ಅರೆಯಲ್ಲಿ ಬಿಸ್ಕತ್ತಿನ ಹಳೆಯ ತಗಡಿನ ಡಬ್ಬಿ ಸಿಕ್ಕಿತು. ಮುಚ್ಚಳ ತೆರೆದದ್ದೇ ಹುರಿದ ಅಕ್ಕಿಯ ಕಮಟು ವಾಸನೆ ಮೂಗಿಗೆ ಬಡಿಯಿತು. ಅಕ್ಕಿ ಬೂದು ಬಣ್ಣಕ್ಕೆ ತಿರುಗಿ ಗಂಟು ಕಟ್ಟಿತ್ತು. ಅದರ ನಡುವೆ ಬಿಳಿ ಬಟ್ಟೆಯಲ್ಲಿ ಸುತ್ತಿಟ್ಟ ಲೆನ್ಸು. ಬಾಗಿಲಿನ ಬೆಳಕಿಗೆ ಹಿಡಿದು ನೋಡಿದೆ. ಗಾಜಿನ ಒಳಗೆ ಬೂಷ್ಟು ಜೇಡನ ಬಲೆಯ ಹಾಗೆ ಅಂಚಿನಿಂದ ನಡುವಿನವರೆಗೂ ಹಬ್ಬಿತ್ತು.

ನಮ್ಮ ಕಡೆ ಲೆನ್ಸಿಗೆ ಬೂಷ್ಟು ಹಿಡಿಯಲು ಒಂದು ಮಳೆಗಾಲ ಸಾಕು. ಅಕ್ಕಿ ಹುರಿದು ಡಬ್ಬಿಗೆ ಹಾಕಿ ಅದರಲ್ಲಿ ಲೆನ್ಸ್ ಹುಗಿದಿಡಬೇಕು, ತಿಂಗಳಿಗೊಮ್ಮೆ ಅಕ್ಕಿ ಬದಲಿಸಬೇಕು, ಬಿಸಿಲು ಬಂದ ದಿನ ಲೆನ್ಸನ್ನು ಜಗಲಿಯಲ್ಲಿಟ್ಟು ಬಿಸಿಲು ತಿನ್ನಿಸಬೇಕು ಎಂದು ಹೇಳಿಕೊಟ್ಟವರು ಕಾಕ. ನಾನು ಮೂರು ವರ್ಷದಿಂದ ಡಬ್ಬಿಯ ಮುಚ್ಚಳವನ್ನೇ ತೆಗೆದಿರಲಿಲ್ಲ…

ಕಾಕ ನನಗೆ ಸಂಬಂಧಿಕರಲ್ಲ. ಊರಿನ ಬ್ಯಾರಿ ಮುಸ್ಲಿಂ ಹಿರಿಯರನ್ನು ನಾವು ಹಾಗೆ ಕರೆಯುವುದು ರೂಢಿ. ಇವರು ಪುತ್ತೂರಿನ ಪಕ್ಕದ ಕಬಕದಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಫೋಟೋ ಸ್ಟುಡಿಯೋ ಇಟ್ಟಿದ್ದರಿಂದ ಸ್ಟುಡಿಯೋ ಕಾಕ. ಸುತ್ತಿನ ಊರುಗಳಲ್ಲಿ ಅವರು ಮದುವೆ ಫೋಟೋ ತೆಗೆಯದ ಮನೆ ಕಡಿಮೆ. ಎಲ್ಲರ ಕೈಗೂ ಮೊಬೈಲ್ ಬಂದ ಮೇಲೆ ಸ್ಟುಡಿಯೋ ಮುಚ್ಚಿ, ಕುಂಬ್ರದ ಮನೆಯಲ್ಲಿ ಕುಳಿತಿದ್ದರು. ನಾನು ಸುಳ್ಯದ ಕಡೆಯವಳು. ಮದುವೆಯಾಗಿ ಕುಂಬ್ರಕ್ಕೆ ಬಂದ ಮೇಲೆ ಪೇಟೆಯಲ್ಲಿ ಒಂದು ಜೆರಾಕ್ಸ್ ಅಂಗಡಿ ಹಾಕಿದೆ. ಅರ್ಜಿ ಟೈಪ್ ಮಾಡುವುದು, ಆಮಂತ್ರಣ ಪತ್ರಿಕೆ ಜೋಡಿಸುವುದು, ಲ್ಯಾಮಿನೇಶನ್. ಪಾಸ್‌ಪೋರ್ಟ್ ಅಳತೆಯ ಫೋಟೋ ಕೇಳಿ ಬರುವವರು ಹೆಚ್ಚಾದಾಗ, ಯಾರೋ ಬಳಸಿ ಬಿಟ್ಟ ಒಂದು ಡಿಜಿಟಲ್ ಕ್ಯಾಮೆರಾ ಕೊಂಡೆ. ಫೋಟೋ ತೆಗೆಯುವುದೆಂದರೆ ಏನೆಂದು ನನಗೆ ಗೊತ್ತಿರಲಿಲ್ಲ. ಗುಂಡಿ ಒತ್ತಿದರೆ ಬರುತ್ತದೆ ಎಂದಷ್ಟೇ ತಿಳಿದಿದ್ದೆ.

ಒಂದು ಬೆಳಿಗ್ಗೆ ಕಾಕ ಆಸ್ಪತ್ರೆಯ ಕಾಗದಗಳನ್ನು ಜೆರಾಕ್ಸ್ ಮಾಡಿಸಲು ಬಂದರು. ನಾನು ಗೋಡೆಗೆ ಬಿಳಿ ಬಟ್ಟೆ ಕಟ್ಟಿ ಒಬ್ಬರ ಫೋಟೋ ತೆಗೆಯುತ್ತಿದ್ದೆ. ಅವರು ಹಿಂದೆ ನಿಂತು ನೋಡಿದರು. ತಡೆಯಲಾಗದೆ ಕೇಳಿಯೇಬಿಟ್ಟರು.

“ಎಂತ ಮಗಳೇ, ಇದು ಪಾಸ್‌ಪೋರ್ಟಿಗಾ, ಪೊಲೀಸ್ ಸ್ಟೇಷನ್ನಿಗಾ? ಪಾಪದ ಮನುಷ್ಯನನ್ನು ಕಳ್ಳನ ಹಾಗೆ ಮಾಡಿದ್ದಿ.”

ಫೋಟೋ ತೆಗೆಸಿಕೊಳ್ಳುತ್ತಿದ್ದವರೂ ನಕ್ಕರು. ಕಾಕ ಮೂಲೆಯಲ್ಲಿದ್ದ ಥರ್ಮೋಕೋಲ್ ಹಾಳೆ ತಂದು ಅವರ ಮಗ್ಗುಲಿಗೆ ಹಿಡಿದರು. ಬಾಗಿಲಿನ ಬೆಳಕು ಅದಕ್ಕೆ ತಾಗಿ ಮುಖದ ಇನ್ನೊಂದು ಕಡೆಗೆ ಹರಿಯಿತು. ಕಣ್ಣಿನ ಕೆಳಗಿನ ಕಪ್ಪು ಕರಗಿತು. ಹಾಳೆ ಮಾತ್ರ ನಿಲ್ಲದೆ ಅಲುಗುತ್ತಿತ್ತು. ಆಗ ಗಮನಿಸಿದೆ, ಅವರ ಎರಡೂ ಕೈ ನಡುಗುತ್ತಿದ್ದವು. ಅವರಿಗೆ ಕೈ ನಡುಗುವ ಕಾಯಿಲೆ. ಕ್ಯಾಮೆರಾ ಹಿಡಿಯದೆ ನಾಲ್ಕು ವರ್ಷವಾಗಿದೆ ಎಂದು ಆಮೇಲೆ ತಿಳಿಯಿತು.

ಮರುದಿನ ಈ ಬಿಸ್ಕತ್ತಿನ ಡಬ್ಬಿ ಹಿಡಿದುಕೊಂಡು ಬಂದರು. ಒಳಗೆ ಹಳೆಯ ಫಿಲ್ಮ್ ಕ್ಯಾಮೆರಾದ ಲೆನ್ಸು. ಇಡೀ ಲೋಹದ್ದು, ಅಂಗೈ ತುಂಬುವಷ್ಟು ಭಾರ. ಹೊಸ ಕ್ಯಾಮೆರಾಕ್ಕೆ ಅದು ನೇರವಾಗಿ ಕೂರುವುದಿಲ್ಲ. ನಡುವೆ ಹಾಕಲು ಬಳೆಯಂಥ ಒಂದು ರಿಂಗ್ ಬೇಕು. ಆನ್‌ಲೈನಿನಲ್ಲಿ ಎಲ್ಲಕ್ಕಿಂತ ಅಗ್ಗದ್ದನ್ನು ಹುಡುಕಿ ತರಿಸಿದೆ. ಬಂದದ್ದು ಸ್ವಲ್ಪ ಸಡಿಲ. ಕಾಕ ಹಳೆಯ ಫಿಲ್ಮಿನ ಚೂರೊಂದನ್ನು ನನಗೆ ಕತ್ತರಿಸಲು ಹೇಳಿ, ಸಂದಿಗೆ ತುರುಕಿಸಿ, ಲೆನ್ಸ್ ಅಲುಗದಂತೆ ಮಾಡಿಸಿದರು.

ಆ ಲೆನ್ಸಿನಲ್ಲಿ ಕ್ಯಾಮೆರಾ ತಾನಾಗಿ ಏನನ್ನೂ ಮಾಡುತ್ತಿರಲಿಲ್ಲ. ಫೋಕಸ್ ಕೈಯಲ್ಲೇ ತಿರುಗಿಸಬೇಕು. ಬೆಳಕು ಎಷ್ಟು ಒಳಬರಬೇಕು ಎನ್ನುವುದನ್ನೂ ಲೆನ್ಸಿನ ಮೇಲೆ ಅಂಕಿ ಬರೆದ ಬಳೆ ತಿರುಗಿಸಿ ಇಡಬೇಕು. ಅಂಕಿ ಹೆಚ್ಚಿದಷ್ಟೂ ಬೆಳಕಿನ ಕಿಂಡಿ ಕಿರಿದು. ಕಿಂಡಿ ಪೂರ್ತಿ ತೆರೆದರೆ ಒಂದೇ ಒಂದು ಗೆರೆ ಸ್ಪಷ್ಟ, ಅದರ ಹಿಂದೆ ಮುಂದೆ ಎಲ್ಲ ಹಾಲಿನ ಹಾಗೆ ಕರಗುತ್ತಿತ್ತು. ನನಗೆ ಅದರದೇ ಹುಚ್ಚು ಹಿಡಿಯಿತು. ಕಾಕನಿಗೆ ಅದು ಹಿಡಿಸುತ್ತಿರಲಿಲ್ಲ.

“ಎಂಟಕ್ಕೆ ಇಡು ಮಗಳೇ. ಎಂಟಕ್ಕೆ ಇಟ್ರೆ ಸ್ವಲ್ಪ ತಪ್ಪಿದ್ರೂ ಲೆನ್ಸ್ ಕ್ಷಮಿಸ್ತದೆ. ಪೂರ್ತಿ ತೆರೆದ್ರೆ ಕ್ಷಮೆ ಇಲ್ಲ. ಮತ್ತೆ ಕಣ್ಣು ನೋಡು. ನಮಗೆ ಹತ್ತಿರ ಇರುವ ಕಣ್ಣು. ಮೂಗು, ಕಿವಿ ಎಲ್ಲ ಹೇಗೂ ಆಗ್ಲಿ.”

ನಾನು ತಲೆಯಾಡಿಸುತ್ತಿದ್ದೆ. ಅವರು ಹೋದ ಮೇಲೆ ಮತ್ತೆ ಪೂರ್ತಿ ತೆರೆಯುತ್ತಿದ್ದೆ. ಒಂದು ಫೋಟೋಗ್ರಫಿ ಗುಂಪಿಗೆ ಮೊಬೈಲಿನಲ್ಲಿ ಸೇರಿಕೊಂಡಿದ್ದೆ. ಹಿಂದೆ ಕರಗಿದ ಹಸಿರು ಇದ್ದ ಫೋಟೋ ಹಾಕಿದರೆ ಅಲ್ಲಿ ಹೊಗಳಿಕೆಯ ಮಳೆ. ಅಗ್ಗದ ಪ್ಲಾಸ್ಟಿಕ್ ಕೊಳವೆಗಳನ್ನು ತರಿಸಿ ಲೆನ್ಸಿನ ಹಿಂದೆ ಜೋಡಿಸಿ ಇರುವೆ, ಚಿಟ್ಟೆಗಳನ್ನು ತೀರ ಹತ್ತಿರದಿಂದ ತೆಗೆಯುವುದನ್ನು ಕಲಿತೆ. ಒಂದು ಕಾಲು ಜಾರುವ ಕ್ಯಾಮೆರಾ ಸ್ಟ್ಯಾಂಡಿಗೆ ರಬ್ಬರ್ ಬ್ಯಾಂಡ್ ಸುತ್ತಿದೆ. ಕೆಟ್ಟು ಬಂದದ್ದನ್ನೆಲ್ಲ ಆ ಕ್ಷಣದಲ್ಲೇ ಅಳಿಸುತ್ತಿದ್ದೆ. ಕೆಟ್ಟದ್ದನ್ನು ಯಾರೂ ನೋಡಬಾರದು ಎಂಬ ಹಟ… ಕಾಕನಂತೂ ನೋಡಲೇಬಾರದು. ದಿನಾ ಹನ್ನೊಂದು ಗಂಟೆಗೆ ಅವರು ಬಂದು ಕುರ್ಚಿಯಲ್ಲಿ ಕುಳಿತು ಹಿಂದಿನ ದಿನದ ಫೋಟೋಗಳನ್ನು ಕಂಪ್ಯೂಟರಿನಲ್ಲಿ ಒಂದೊಂದಾಗಿ ನೋಡುತ್ತಿದ್ದರು. ಚೆನ್ನಾಗಿದ್ದರೆ ಏನೂ ಹೇಳದೆ ಮುಂದಿನದಕ್ಕೆ ಹೋಗು ಎಂದು ಬೆರಳಾಡಿಸುತ್ತಿದ್ದರು. ಆ ಮೌನಕ್ಕಾಗಿ ನಾನು ಹಿಂದಿನ ಇಡೀ ಸಂಜೆ ಕಷ್ಟಪಡುತ್ತಿದ್ದೆ.

ಹೀಗೆ ಒಂದು ವರ್ಷದ ಮೇಲಾಗಿರಬೇಕು. ಒಂದು ದಿನ ಅವರು ಕಂಪ್ಯೂಟರಿನ ಕಡೆ ನೋಡಲೇ ಇಲ್ಲ.

“ಮಗಳೇ, ನಮ್ಮ ಮನೆಯಲ್ಲಿ ಒಂದು ಫೋಟೋ ತೆಗಿಲಿಕ್ಕುಂಟು” ಎಂದರು.

ಅವರ ಹೆಂಡತಿಗೆ ಹೊಟ್ಟೆಯ ಕ್ಯಾನ್ಸರ್. ಮಂಗಳೂರಿನ ಡಾಕ್ಟರು ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಕಳಿಸಿದ್ದರು. ಅಷ್ಟು ನನಗೂ ಗೊತ್ತಿತ್ತು. ಗೊತ್ತಿಲ್ಲದ್ದು ಇನ್ನೊಂದು. ಸುತ್ತಿನ ಊರಿನವರನ್ನೆಲ್ಲ ತೆಗೆದ ಕಾಕನ ಬಳಿ ಅವರ ಹೆಂಡತಿಯದು ಒಂದೂ ಫೋಟೋ ಇರಲಿಲ್ಲ. ಅವರ ತವರಿನಲ್ಲಿ ಹೆಂಗಸರು ಫೋಟೋಕ್ಕೆ ನಿಲ್ಲುವುದು ಸರಿಯಲ್ಲ ಎನ್ನುತ್ತಿದ್ದರಂತೆ. ಮದುವೆಯಾದ ಹೊಸತರಲ್ಲಿ ಕಾಕ ಒಮ್ಮೆ ಬಾವಿಕಟ್ಟೆಯ ಹತ್ತಿರ ತಿಳಿಯದಂತೆ ತೆಗೆದಿದ್ದರು. ಅದನ್ನು ತೋರಿಸಿದಾಗ ಆಕೆ ಎರಡು ದಿನ ಅತ್ತರಂತೆ. ಕಾಕ ಅವರ ಎದುರಿನಲ್ಲೇ ಫೋಟೋವನ್ನೂ ನೆಗೆಟಿವ್ ಅನ್ನೂ ಒಲೆಗೆ ಹಾಕಿದರು. ಮತ್ತೆಂದೂ ಕೇಳಲಿಲ್ಲ.

“ಆಧಾರ್ ಕಾರ್ಡಿನಲ್ಲಿ ಒಂದು ಉಂಟಲ್ಲ ಕಾಕ?” ಎಂದೆ.

“ಉಂಟು. ಅದು ಅವಳಲ್ಲ ಮಾರಾಯ್ತಿ. ಅದು ಯಾರೋ.” ನನ್ನ ಕ್ಯಾಮೆರಾದ ಕಡೆ ನೋಡಿ ಹೇಳಿದರು, “ನಿನ್ನೆ ಅವಳೇ ಹೇಳಿದ್ಳು. ಅಂಗಡಿಯ ಆ ಹೆಂಗಸು ತೆಗಿಯುದಾದ್ರೆ ಒಂದು ತೆಗಿಲಿ ಅಂತ. ನನ್ನ ಕೈಯಲ್ಲಂತೂ ಈಗ ಆಗುದಿಲ್ಲ.”

ಗುರುವಾರ ಬೆಳಿಗ್ಗೆ ಹೋದೆ. ಕಿಟಕಿಯ ಹತ್ತಿರದ ಮಂಚದಲ್ಲಿ ಅವರು ದಿಂಬಿಗೆ ಒರಗಿ ಕುಳಿತಿದ್ದರು. ಒಗೆದ ಬಿಳಿ ಶಾಲನ್ನು ತಲೆಗೆ ಹೊದ್ದಿದ್ದರು. ಅವರ ಮಗ ಕರೆಯುವಂತೆ ನಾನೂ ಉಮ್ಮ ಎಂದೆ. ಅವರಿಗೆ ಕನ್ನಡ ಕಡಿಮೆ. ನನಗೆ ಬ್ಯಾರಿ ಮಾತು ಕೇಳಿದರೆ ತಿಳಿಯುತ್ತದೆ, ಆಡಲು ಬರುವುದಿಲ್ಲ. ಕಾಕ ಥರ್ಮೋಕೋಲ್ ಹಾಳೆ ಹಿಡಿದು ನಿಂತರು. ಅವರ ಕೈಯ ನಡುಕಕ್ಕೆ ಬೆಳಕು ಉಮ್ಮನ ಮುಖದ ಮೇಲೆ ಅಲೆ ಅಲೆಯಾಗಿ ಅಲುಗುತ್ತಿತ್ತು.

“ಎಂಟಕ್ಕೆ ಇಡು” ಎಂದರು ಕಾಕ.

“ಹಾಂ ಕಾಕ” ಎಂದೆ.

ಕೋಣೆಯಲ್ಲಿ ಬೆಳಕು ಕಡಿಮೆ, ಎಂಟಕ್ಕೆ ಇಟ್ಟರೆ ಕಪ್ಪಾಗುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಿಜವೆಂದರೆ, ಹಿಂದಿನ ಗೋಡೆ ಕರಗಿದ, ಮುಖ ಮಾತ್ರ ಹೊಳೆಯುವ ಒಂದು ಚಿತ್ರ ಆಗಲೇ ನನ್ನ ತಲೆಯಲ್ಲಿತ್ತು. ಅದನ್ನು ನೋಡಿ ಕಾಕ ಬೆರಳಾಡಿಸುವುದನ್ನೂ ಮರೆಯಬೇಕು ಎಂದುಕೊಂಡಿದ್ದೆ. ಕಿಂಡಿ ಪೂರ್ತಿ ತೆರೆದೆ.

ಉಮ್ಮ ಕೇಳಿದರು, “ನಗ್ಬೇಕಾ?”

“ನಿಮಗೆ ಹೇಗೆ ಬೇಕೋ ಹಾಗೆ ಉಮ್ಮ.”

ಏಳು ಫೋಟೋ ತೆಗೆದೆ. ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಎಲ್ಲ ಚೆನ್ನಾಗಿಯೇ ಕಂಡಿತು. ತೋರಿಸಲು ಹೋದರೆ ಉಮ್ಮ ಕೈ ಅಡ್ಡ ಹಿಡಿದು ಕಾಕನಿಗೆ ಬ್ಯಾರಿಯಲ್ಲಿ ಏನೋ ಹೇಳಿದರು. ಕಾಕ ಕಿಟಕಿಯ ಕಡೆ ತಿರುಗಿ ನಿಂತರು. ಅಂಗಳದವರೆಗೆ ನನ್ನನ್ನು ಬಿಡಲು ಬಂದಾಗ ಹೇಳಿದರು.

“ಈಗ ಯಾರೂ ನೋಡುದು ಬೇಡವಂತೆ. ಅವಳು ಹೋದ ಮೇಲೆ ನಾನು ನೋಡ್ಬೇಕಂತೆ.”

ಅಂಗಡಿಗೆ ಬಂದು ಕಂಪ್ಯೂಟರಿಗೆ ಹಾಕಿದೆ. ದೊಡ್ಡ ಪರದೆಯಲ್ಲಿ ಮೊದಲನೆಯದು ತೆರೆದುಕೊಂಡಿತು. ಉಮ್ಮನ ಹಿಂದಿದ್ದ ಕಿಟಕಿಯ ಸರಳುಗಳ ತುಕ್ಕು ಸ್ಪಷ್ಟವಾಗಿತ್ತು. ಎರಡನೆಯದು, ಮೂರನೆಯದು… ಏಳರಲ್ಲೂ ಹಾಗೆಯೇ. ಉಮ್ಮ ದಿಂಬಿನಿಂದ ಮುಂದೆ ವಾಲಿದ್ದಿರಬೇಕು, ಅಥವಾ ನಾನು ಅಲುಗುವ ಬೆಳಕಿನಲ್ಲಿ ತಪ್ಪು ಗೆರೆಯನ್ನು ಹಿಡಿದಿರಬೇಕು. ಮುಖ ಮಸುಕಾಗಿತ್ತು.

ನಾಳೆ ಹನ್ನೊಂದಕ್ಕೆ ಕಾಕ ಬರುತ್ತಾರೆ. ಉಮ್ಮ ಬೇಡ ಎಂದಿದ್ದರೂ ಒಂದು ಸಲ ತೋರಿಸು ಎಂದರೆ? ಏಳನ್ನೂ ಆರಿಸಿ ಅಳಿಸಿಬಿಟ್ಟೆ. ಕ್ಯಾಮೆರಾದ ಮೆಮೊರಿ ಕಾರ್ಡಿನಿಂದಲೂ, ಕಂಪ್ಯೂಟರಿನಿಂದಲೂ. ಭಾನುವಾರ ಹೋಗಿ, ಬೆಳಕು ಸರಿ ಇರಲಿಲ್ಲ ಎಂದು ಹೇಳಿ ಇನ್ನೊಮ್ಮೆ ತೆಗೆದರಾಯಿತು ಎಂದು ಯೋಚಿಸಿದೆ.

ಭಾನುವಾರ ನಾನು ಹೋಗಲಿಲ್ಲ. ಆ ಫೋಟೋಗ್ರಫಿ ಗುಂಪಿನವರು ಕಡಬದ ಕಡೆಗೆ ಚಿಟ್ಟೆ ತೆಗೆಯಲು ಹೊರಟಿದ್ದರು. ನನ್ನನ್ನೂ ಕರೆದಿದ್ದರು. ದೊಡ್ಡ ದೊಡ್ಡ ಲೆನ್ಸ್ ಇದ್ದವರ ನಡುವೆ ನನ್ನ ಹಳೆಯ ಲೆನ್ಸು, ಪ್ಲಾಸ್ಟಿಕ್ ಕೊಳವೆ ಕಂಡು ಎಲ್ಲರೂ ಸುತ್ತ ನೆರೆದರು. ಆ ದಿನ ತೋಡಿನ ಬದಿಯ ಒದ್ದೆ ಮರಳಿನಲ್ಲಿ ಚಿಟ್ಟೆಗಳು ಗುಂಪಾಗಿ ಕುಳಿತಿದ್ದವು. ನಾನು ಮಂಡಿಯೂರಿ, ಉಸಿರು ಬಿಗಿಹಿಡಿದು, ನೂರಕ್ಕೂ ಹೆಚ್ಚು ಫೋಟೋ ತೆಗೆದೆ. ಅದೇ ಕಾರ್ಡಿನಲ್ಲಿ.

ಮಂಗಳವಾರ ಉಮ್ಮನನ್ನು ಮತ್ತೆ ಆಸ್ಪತ್ರೆಗೆ ಸೇರಿಸಿದರು ಎಂದು ಕೇಳಿದೆ. ಶುಕ್ರವಾರ ಅವರು ತೀರಿಕೊಂಡರು.

ಮನೆಗೆ ಹೋದೆ. ಹೆಂಗಸರ ನಡುವೆ ಸ್ವಲ್ಪ ಹೊತ್ತು ಕುಳಿತು ಬಂದೆ. ಕಾಕ ಫೋಟೋದ ವಿಷಯ ಎತ್ತಲಿಲ್ಲ. ಸುಮಾರು ಒಂದು ತಿಂಗಳ ನಂತರ ಹನ್ನೊಂದು ಗಂಟೆಗೆ ಅಂಗಡಿಗೆ ಬಂದು ತಮ್ಮ ಕುರ್ಚಿಯಲ್ಲಿ ಕುಳಿತರು. ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು.

“ಈಗ ನೋಡ್ಬಹುದು ಮಗಳೇ” ಎಂದರು.

ಆಗಲಾದರೂ ಹೇಳಬಹುದಿತ್ತು. ನಾಲಿಗೆಗೆ ಬಂದದ್ದು ಸುಳ್ಳು.

“ಕಾಕ… ಕಾರ್ಡ್ ಹಾಳಾಯ್ತು. ಅಗ್ಗದ್ದು. ಎಲ್ಲ ಹೋಯ್ತು.”

ಅವರು ನಡುಗುವ ಕೈಯನ್ನು ಇನ್ನೊಂದು ಕೈಯಿಂದ ಒತ್ತಿ ಹಿಡಿದುಕೊಂಡಿದ್ದರು. ಆಮೇಲೆ ಅವರ ಮುಖದಲ್ಲಿ ಏನೋ ಚಿಗುರಿದ ಹಾಗಾಯಿತು.

“ಕಾರ್ಡ್ ಬಿಸಾಡ್ಲಿಲ್ಲ ಅಲ್ವಾ? ಹಾಳಾದ ಕಾರ್ಡಿನಿಂದ ಫೋಟೋ ತೆಗೆದು ಕೊಡುವವರು ಮಂಗಳೂರಿನಲ್ಲಿ ಇದ್ದಾರೆ. ನನ್ನ ಪರಿಚಯದವನೇ ಒಬ್ಬ ಉಂಟು. ಕೊಡು ಇಲ್ಲಿ.”

ಕೊಡದೆ ಇರಲು ನನ್ನಲ್ಲಿ ಕಾರಣವಿರಲಿಲ್ಲ. ಆ ದಿನಕ್ಕೆ ಕಾರ್ಡು ಖಾಲಿಯಾಗಿತ್ತು. ಚಿಟ್ಟೆಗಳನ್ನೂ ಕಂಪ್ಯೂಟರಿಗೆ ಹಾಕಿ ಅಳಿಸಿದ್ದೆ. ಏನೂ ಸಿಗುವುದಿಲ್ಲ, ಇವರೂ ಸುಮ್ಮನಾಗುತ್ತಾರೆ ಎಂದುಕೊಂಡು ಕ್ಯಾಮೆರಾದಿಂದ ತೆಗೆದು ಕೊಟ್ಟೆ. ಕಾಕ ಅದನ್ನು ಕರವಸ್ತ್ರದಲ್ಲಿ ಕಟ್ಟಿ, ಅಂಗಿಯ ಕಿಸೆಗೆ ಹಾಕಿ, ಮೇಲಿಂದ ಎರಡು ಸಲ ಮುಟ್ಟಿ ನೋಡಿಕೊಂಡರು.

ಅವರು ಮೂರು ಸಲ ಮಂಗಳೂರಿಗೆ ಹೋದರು. ಕುಂಬ್ರದಿಂದ ಪುತ್ತೂರಿಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ಬಸ್ಸಿನ ಕಂಬಿ ಹಿಡಿದು ನಿಲ್ಲಲಾಗದ ಕೈ. ಮಗ ಕಾರಿನಲ್ಲಿ ಕರೆದುಕೊಂಡು ಹೋಗುತ್ತೇನೆ ಎಂದರೂ ಕೇಳಲಿಲ್ಲವಂತೆ. ಮೊದಲ ಸಲ ಅಂಗಡಿಯವನು ಇರಲಿಲ್ಲ. ಎರಡನೆಯ ಸಲ ಕಾರ್ಡು ಕೊಟ್ಟು ಬಂದರು. ಆ ಎರಡು ಸಲವೂ ಬಸ್ಸಿಗೆ ಹೋಗುವ ಮುಂಚೆ ನನ್ನ ಅಂಗಡಿಯ ಮೆಟ್ಟಿಲಲ್ಲಿ ನಿಂತು, “ಹೋಗಿ ಬರ್ತೇನೆ ಮಗಳೇ” ಎಂದು ಹೇಳಿ ಹೋದರು. ಮೂರನೆಯ ಸಲ ಹೋಗುವಾಗ ಹೇಳಲಿಲ್ಲ. ಬಂದ ಮರುದಿನ ನೇರವಾಗಿ ಒಳಗೆ ಬಂದು, ಕರವಸ್ತ್ರ ಬಿಚ್ಚಿ, ಕಾರ್ಡನ್ನು ಮೇಜಿನ ಮೇಲಿಟ್ಟರು.

“ಕಾರ್ಡ್ ಹಾಳಾಗ್ಲಿಲ್ಲಂತೆ.”

ನಾನು ಜೆರಾಕ್ಸ್ ಮೆಷಿನ್ನಿನ ಕಡೆ ನೋಡುತ್ತಿದ್ದೆ.

“ಅಳಿಸಿದ್ದನ್ನೆಲ್ಲ ಅವ ವಾಪಸ್ ತೆಗೆದ. ಅದರಲ್ಲಿ ಅವಳು ಇಲ್ಲ. ಅವಳ ಫೋಟೋದ ಮೇಲೆ ಬೇರೆ ಫೋಟೋ ತೆಗೆದಿದ್ದಾರೆ, ಅದಕ್ಕೆ ಹೋಗಿದೆ ಅಂತ ಹೇಳಿದ. ಚಿಟ್ಟೆ ಸಿಕ್ಕಿದ್ವು. ತುಂಬ ಉಂಟು.” ಕರವಸ್ತ್ರ ಮಡಚುತ್ತಾ ಹೇಳಿದರು, “ಫೋಕಸ್ ಎಲ್ಲ ಸರಿ ಉಂಟು ಮಗಳೇ. ಚಂದ ಬಂದಿದೆ.”

ಅದರಲ್ಲಿ ವ್ಯಂಗ್ಯವಿರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳಬಹುದಿತ್ತು. ನಾನು ಅಳುತ್ತಾ ಎಲ್ಲವನ್ನೂ ಹೇಳಿದೆ. ಕಿಂಡಿ ಪೂರ್ತಿ ತೆರೆದದ್ದು, ಫೋಕಸ್ ಹಿಂದೆ ಹೋದದ್ದು, ಅವರಿಗೆ ತೋರಿಸಲು ನಾಚಿಕೆಯಾಗಿ ಅಳಿಸಿದ್ದು, ಭಾನುವಾರ ಕಡಬಕ್ಕೆ ಹೋದದ್ದು. ಕಾಕ ಪೂರ್ತಿ ಕೇಳಿದರು. ನಂತರ ಸ್ಟುಡಿಯೋದವರು ಕೇಳುವಂಥ ಒಂದು ಪ್ರಶ್ನೆ ಕೇಳಿದರು.

“ಎಷ್ಟು ಔಟ್ ಆಗಿತ್ತು?”

“ಸುಮಾರು ಜಾಸ್ತಿಯೇ ಕಾಕ.”

“ಮುಖ ಅಂತ ಗೊತ್ತಾಗ್ತಿತ್ತಾ?”

“ಗೊತ್ತಾಗ್ತಿತ್ತು.”

“ನಗ್ತಿದ್ಳಾ?”

ನೋಡಿದ್ದರಲ್ಲವೇ ಹೇಳಲಿಕ್ಕೆ? ನಾನು ಆ ಏಳು ಚಿತ್ರಗಳಲ್ಲಿ ಹುಡುಕಿದ್ದು ನನ್ನ ತಪ್ಪನ್ನು ಮಾತ್ರ.

ಕಾಕ ಎದ್ದು ನಿಂತರು. “ಸಾಕಿತ್ತಲ್ಲ ಮಗಳೇ ನನಗೆ” ಎಂದರು. “ಅಷ್ಟೇ ಸಾಕಿತ್ತು.”

ಆ ದಿನದ ನಂತರ ಹನ್ನೊಂದು ಗಂಟೆಗೆ ಅವರು ಬರಲಿಲ್ಲ. ಕೆಲವು ದಿನ ಬಿಟ್ಟು ಲೆನ್ಸ್ ಹಿಂತಿರುಗಿಸಲು ಡಬ್ಬಿ ಹಿಡಿದುಕೊಂಡು ಅವರ ಮನೆಗೆ ಹೋದೆ. ಜಗಲಿಯಲ್ಲಿ ಕುಳಿತಿದ್ದರು. ಕುಡಿಯಲು ಚಾ ತರಿಸಿದರು. ಡಬ್ಬಿಯನ್ನು ಮಾತ್ರ ಮುಟ್ಟಲಿಲ್ಲ.

“ನೀನೇ ಇಟ್ಕೋ. ಅದರದ್ದು ಎಂತ ತಪ್ಪಿಲ್ಲ” ಎಂದರು.

ಅದಾದ ಮೇಲೆ ಅವರು ಎರಡು ವರ್ಷ ಬದುಕಿದ್ದರು. ಬಸ್ ನಿಲ್ದಾಣದಲ್ಲಿ, ಔಷಧಿ ಅಂಗಡಿಯಲ್ಲಿ ಸಿಗುತ್ತಿದ್ದರು. ಕಂಡರೆ ಕೈ ಎತ್ತುತ್ತಿದ್ದರು. ಮಾತಾಡಿಸದೆ ಹೋದವರಲ್ಲ. ಮಳೆ, ಬೆಲೆ, ಯಾರದೋ ಮದುವೆ, ಹೀಗೆ. ಫೋಟೋದ ಮಾತು ಮಾತ್ರ ನಮ್ಮ ನಡುವೆ ಬರಲೇ ಇಲ್ಲ. ಒಂದು ಸಲ ಬೈದಿದ್ದರೆ, ಊರಿನವರ ಹತ್ತಿರ ಹೇಳಿಕೊಂಡಿದ್ದರೆ, ನನಗೆ ಉಸಿರಾಡಲು ಜಾಗ ಸಿಗುತ್ತಿತ್ತೇನೋ. ಅವರು ಯಾರಿಗೂ ಹೇಳಿರಲಿಲ್ಲ. ಸ್ವಂತ ಮಗನಿಗೂ. ಅವರು ತೀರಿಕೊಂಡ ದಿನ ಅದು ನನಗೆ ತಿಳಿಯಿತು. ಪತ್ರಿಕೆಗೆ ಕೊಡಲು ಅಪ್ಪನ ಒಳ್ಳೆಯ ಫೋಟೋ ಬೇಕೆಂದು ಮಗ ನನ್ನ ಅಂಗಡಿಗೇ ಬಂದ. “ನಿಮ್ಮಲ್ಲಿ ಇರಬಹುದು ಅಕ್ಕ. ಉಮ್ಮನದ್ದು ಕಾರ್ಡ್ ಹಾಳಾಗಿ ಹೋಯ್ತು ಅಂತ ಬಾಪ ಹೇಳಿದ್ರು, ಪಾಪ, ನಿಮಗೂ ತುಂಬ ಬೇಜಾರಾಗಿತ್ತಂತೆ” ಎಂದ.

ಕಾಕ ನನ್ನ ಸುಳ್ಳನ್ನು ಹಾಗೆಯೇ ಉಳಿಸಿ, ತಾವೂ ಅದನ್ನೇ ಹೇಳಿ ಹೋಗಿದ್ದರು.

ನನ್ನ ಬಳಿ ಅವರ ಫೋಟೋಗಳು ಬೇಕಾದಷ್ಟಿದ್ದವು. ಕಲಿಯುವಾಗ ಕುರ್ಚಿಯಲ್ಲಿ ಕೂರಿಸಿ ತೆಗೆದವು. ಒಂದನ್ನು ಆರಿಸಿ, ಪ್ರಿಂಟ್ ಮಾಡಿ ಕೊಟ್ಟೆ. ಆ ಸಂಜೆಯೇ ಲೆನ್ಸನ್ನು ಕ್ಯಾಮೆರಾದಿಂದ ಬಿಚ್ಚಿ ಡಬ್ಬಿಗೆ ಹಾಕಿದೆ. ಮತ್ತೆ ಚಿಟ್ಟೆಗಳ ಹಿಂದೆ ಹೋಗಲಿಲ್ಲ. ಈಗ ಪಾಸ್‌ಪೋರ್ಟ್ ಫೋಟೋ ತೆಗೆಯುತ್ತೇನೆ, ಕ್ಯಾಮೆರಾದ ಜೊತೆ ಬಂದ ಮಾಮೂಲು ಲೆನ್ಸಿನಲ್ಲಿ.

ಕಪಾಟು ಒರೆಸಿ ಮುಗಿಸುವ ಹೊತ್ತಿಗೆ ಕಾಕನ ಸೊಸೆ ಅಂಗಡಿಗೆ ಬಂದಳು. ಅವಳು ಈ ಮನೆಗೆ ಬಂದದ್ದು ಉಮ್ಮ ತೀರಿಕೊಂಡ ಮೇಲೆ. ಸೊಂಟದಲ್ಲಿ ಒಂದು ವರ್ಷದ ಮಗಳು. ಮಗುವಿನ ಆಧಾರ್ ಅರ್ಜಿಗೆ ಕಾಗದ ಜೆರಾಕ್ಸ್ ಆಗಬೇಕಿತ್ತು. ಕಾಗದ ಹೊರಬರುವವರೆಗೆ ಮಗು ಮೇಜಿನ ಅಂಚು ಹಿಡಿದು ನನ್ನನ್ನೇ ನೋಡುತ್ತಿತ್ತು.

“ಅಕ್ಕ, ಇವಳು ಅಜ್ಜಿ ಹಾಗೆಯೇ ಉಂಟು ಅಂತ ಮನೆಯಲ್ಲಿ ಎಲ್ಲರೂ ಹೇಳ್ತಾರೆ” ಎಂದಳು ಅವಳು. “ನಾನು ಅವರನ್ನು ನೋಡ್ಲಿಲ್ಲ. ನೀವು ಫೋಟೋ ತೆಗೆದವರಲ್ವಾ, ಹತ್ತಿರದಿಂದ ನೋಡಿದ್ದೀರಿ. ಹೌದಾ?”

ಮಗುವಿನ ಮುಖ ನೋಡಿದೆ. ಉಮ್ಮನ ಮುಖವನ್ನು ನೆನಪು ಮಾಡಿಕೊಳ್ಳಲು ಪ್ರಯತ್ನಿಸಿದೆ. ಶಾಲಿನ ಬಿಳಿ ನೆನಪಾಯಿತು, ದಿಂಬು ನೆನಪಾಯಿತು, ಮಾತಾಡಿದ ದನಿ ಕೂಡ ಕಿವಿಯಲ್ಲಿ ಹಾಗೇ ಇತ್ತು. ಮುಖ ಬರಲಿಲ್ಲ. ಅರ್ಧ ಗಂಟೆ ಅವರ ಎದುರಿಗೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರ ಕುಳಿತಿದ್ದೆ… ಆ ಅರ್ಧ ಗಂಟೆಯೂ ನನ್ನ ಕಣ್ಣು ಕ್ಯಾಮೆರಾದ ಪುಟ್ಟ ಪರದೆಯಲ್ಲಿತ್ತು.

ಜೆರಾಕ್ಸ್ ಪ್ರತಿಗಳನ್ನು ಜೋಡಿಸಿ ಪಿನ್ ಹಾಕಿದೆ.

“ಹೌದು, ಹಾಗೆಯೇ ಇದ್ದಾಳೆ” ಎಂದೆ.

ಅವಳ ಮುಖ ಅರಳಿತು. ಮಗುವನ್ನು ಎತ್ತಿಕೊಂಡು ಮೆಟ್ಟಿಲಿಳಿಯುತ್ತಾ ಅದರ ಕೆನ್ನೆಗೆ ಕೆನ್ನೆ ತಾಗಿಸಿ ಹೇಳಿದಳು, “ಕೇಳಿದಿಯಾ? ನೋಡಿದವರೇ ಹೇಳ್ತಿದ್ದಾರೆ.”